ದಾನೂಳ ಹಳದಿ ಗಾಡಿ

ನಾನು ಆಸ್ಪತ್ರೆಯ ಬಡಗಿ. ನಗಬೇಡಿ... ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ.

ಕುಂಟುವ ಮಂಚ, ಕಿರಗುಡುವ ಬಾಗಿಲು, ಗಾಲಿ ಕಳಚಿದ ಟ್ರಾಲಿ... ಇವೇ ನನ್ನ ಪೇಷಂಟುಗಳು. ಇದುವರೆಗೆ ಒಂದೂ ನನ್ನ ಮುಂದೆ ಅತ್ತಿಲ್ಲ.

ಅತ್ತವಳು ದಾನೇಶ್ವರಿ. ಮಕ್ಕಳ ವಾರ್ಡಿನ ಆರು ವರ್ಷದ ಹುಡುಗಿ. ಎಲ್ಲರ ಬಾಯಲ್ಲೂ ದಾನೂ.

ಅವಳ ಹೃದಯದಲ್ಲಿ ಒಂದು ರಂಧ್ರವಿತ್ತು. ಆಪರೇಷನ್ ಆಗಲೇಬೇಕು, ಅದೂ ಬೇಗ. ಆದರೆ ಸ್ಟ್ರೆಚರ್ ಕಂಡರೆ ಸಾಕು... ಅಳು ಶುರು.

ಅತ್ತರೆ ತುಟಿ ನೀಲಿಯಾಗುತ್ತಿತ್ತು. ಎರಡು ಸಲ ಆಪರೇಷನ್ ಥಿಯೇಟರ್ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದಳು.

ಒಂದು ಮಂಗಳವಾರ ಹೆಡ್ ಸಿಸ್ಟರ್ ಶಕುಂತಲಾ ನನ್ನನ್ನು ಕರೆದರು.

"ಬಡಿಗೇರ್ರ, ಮಂಚದ ರಿಪೇರಿ ಆಮ್ಯಾಲ ಮಾಡೀರಂತ. ಈಕಿಗೊಂದು ಆಟದ ಗಾಡಿ ಮಾಡಿಕೊಡ್ರಿ. ಆಡಕೋತ ಆದ್ರೂ ಥಿಯೇಟರ್ ಒಳಗ ಹೋಗ್ತಾಳೇನೋ ನೋಡೂಣು. ಬರೂ ಸೋಮವಾರ ಆಪರೇಷನ್ ಐತಿ."

"ಅದೇನ್ ದೊಡ್ಡ ಕೆಲಸ ಬಿಡ್ರಿ ಸಿಸ್ಟರ್" ಎಂದೆ. ಜಂಬ ನೋಡಿ ನನ್ನದು.

ಹಳೇ ಔಷಧ ಟ್ರಾಲಿಯ ನಾಲ್ಕು ಗಾಲಿ ಕಿತ್ತು ಹಲಗೆಗೆ ಜಡಿದೆ. ನಾಲ್ಕೂ ಎಲ್ಲ ಕಡೆ ತಿರುಗುವ ಗಾಲಿ... ಟ್ರಾಲಿಗೇನೋ ಅದೇ ಸರಿ.

ಮರಳಿನ ಚೀಲ ಹೇರಿ ಎಳೆದು ನೋಡಿದೆ. ನೇರ ಬಾ ಅಂದರೆ ಅಡ್ಡ ಹೋಗಿ ಗೋಡೆಗೆ ಗುದ್ದಿತು. ಥೇಟ್ ಕುಡಿದವರ ನಡಿಗೆ.

ಎಲ್ಲ ಬಿಚ್ಚಿದೆ. ಹಿಂದಿನ ಎರಡು ಗಾಲಿಗಳನ್ನು ನೇರಕ್ಕೆ ಬಿಗಿದೆ. ಮುಂದಿನ ಎರಡನ್ನೂ ಒಂದು ಅಡ್ಡ ಅಚ್ಚಿಗೆ ಬಿಗಿದು, ಆ ಅಚ್ಚು ಮಾತ್ರ ತಿರುಗುವಂತೆ ನಡುವೆ ಒಂದು ದಪ್ಪ ಬೋಲ್ಟು ಹಾಕಿದೆ.

ಅಚ್ಚು ಪೂರ್ತಿ ತಿರುಗಿಬಿಟ್ಟರೆ ಗಾಡಿ ಮಗುಚುತ್ತದಲ್ಲ... ಅದಕ್ಕೆ ಎರಡೂ ಬದಿ ತಡೆ ಕೊಟ್ಟೆ. ಸೀಟು ನೆಲಕ್ಕೆ ಹತ್ತಿರ, ಗಾಲಿಗಳ ನಡುವೆ ಅಗಲ ಜಾಸ್ತಿ. ಕೊನೆಗೆ ನಾನೇ ಮೇಲೆ ಕೂತೆ. ಎಂಬತ್ತು ಕೆಜಿ ಆಸಾಮಿ ನಾನು, ಗಾಡಿ ಕಿರ್ ಅನ್ನಲಿಲ್ಲ.

ಹಳದಿ ಬಣ್ಣ ಬಳಿದು, ಎಳೆಯಲು ಉದ್ದ ಹಿಡಿಕೆ ಹಾಕಿ ಶನಿವಾರ ವಾರ್ಡಿಗೆ ತಂದೆ. ದಾನೂ ಕಣ್ಣರಳಿಸಿ ಹತ್ತಿ ಕೂತಳು. ನಾನು ಮೀಸೆ ತಿರುವಿದೆ.

ಎಳೆಯುತ್ತ ವೆರಾಂಡಾಕ್ಕೆ ಬಂದೆವು. ಎಡಕ್ಕೆ ಹೋದರೆ ಥಿಯೇಟರ್. ಹುಡುಗಿಗೆ ಅಭ್ಯಾಸ ಆಗಲಿ ಎಂದು ಆ ಕಡೆ ತಿರುಗಿಸಿದೆ ನೋಡಿ... ಥಟ್ಟನೆ ಇಳಿದುಬಿಟ್ಟಳು. ತುಟಿ ನಡುಗುತ್ತಿತ್ತು.

"ಇದೂ ಸ್ಟ್ರೆಚರೇ ಐತಿ ಕಾಕಾ... ಬರೇ ಬಣ್ಣ ಹಚ್ಚೀದಿ."

ಕಪಾಳಕ್ಕೆ ಹೊಡೆದ ಹಾಗಾಯಿತು ನನಗೆ.

ನಾಲ್ಕು ದಿನ ಹಲಗೆ ಅಳೆದೆ, ಗಾಲಿ ಅಳೆದೆ. ಅದರಲ್ಲಿ ಕೂರುವವಳನ್ನು ಒಂದು ಮಾತು ಕೇಳಿರಲಿಲ್ಲ.

ಅವಳ ಪಕ್ಕ ನೆಲದ ಮೇಲೆ ಕೂತು ಕೇಳಿದೆ. "ಹಂಗಾರ ನಿನ್ನ ಗಾಡಿ ಹೆಂಗ ಇರಬೇಕವ್ವಾ?"

ಮೂಗು ಒರೆಸಿಕೊಂಡು ಹೇಳಿದಳು. "ನೀ ಹಿಂದಿಂದ ದೂಡು. ತಿರುಗ್ಸೋದು ನಾ."

ಭಾನುವಾರ ರಜೆ ಬಿಟ್ಟು ಕೆಲಸಕ್ಕೆ ಕೂತೆ. ಎಳೆಯುವ ಹಿಡಿಕೆ ಕಿತ್ತು, ಮುಂದಿನ ಅಚ್ಚಿಗೆ ಹಳೇ ಸೈಕಲ್ಲಿನ ಹ್ಯಾಂಡಲ್ ಜೋಡಿಸಿದೆ... ಅವಳ ಪುಟ್ಟ ಕೈಗೆ ಎಟುಕುವ ಎತ್ತರಕ್ಕೆ. ನನಗೆ ದೂಡಲು ಹಿಂದೆ ಒಂದು ಅಡ್ಡ ಕೋಲು.

ಸೋಮವಾರ ಬೆಳಿಗ್ಗೆ ಹೊರಟೆವು. ಹಿಂದೆ ನಾನು, ಪಕ್ಕದಲ್ಲಿ ಸಿಸ್ಟರ್ ಮತ್ತು ಡಾಕ್ಟರ್ ಮೇಡಂ.

ದಾನೂಳ ತಾಯಿ ನೀಲವ್ವನನ್ನು ವೆರಾಂಡಾದ ಬಲತುದಿಯಲ್ಲಿ, ಲಿಫ್ಟಿನ ಹತ್ತಿರ ನಿಲ್ಲಿಸಿದ್ದರು. ಹಿಂದಿನ ಎರಡು ಸಲವೂ ಹಾಗೇ ಮಾಡಿದ್ದರು... ತಾಯಿ ಅಳುವುದನ್ನು ಕಂಡರೆ ಮಗು ಇನ್ನಷ್ಟು ಅತ್ತೀತು ಎಂದು.

ತಿರುವು ಬಂತು. ದಾನೂ ಎಡಕ್ಕೆ ಥಿಯೇಟರಿನ ಬಾಗಿಲು ನೋಡಿದಳು...

ಹ್ಯಾಂಡಲ್ ಬಲಕ್ಕೆ ತಿರುಗಿಸಿದಳು.

ನನ್ನ ಜೀವ ಬಾಯಿಗೆ ಬಂತು. ಮೂರನೇ ಸಲವೂ ಆಪರೇಷನ್ ತಪ್ಪಿದರೆ ಈ ಹುಡುಗಿಯ ಗತಿ ಏನು? ಅವಳ ಕೈಗೆ ಹ್ಯಾಂಡಲ್ ಕೊಟ್ಟ ಪಾಪಿ ನಾನೇ ಅಲ್ಲವೇ?

ಸಿಸ್ಟರ್ ಗಾಡಿ ಹಿಡಿಯಲು ಕೈ ಚಾಚಿದರು. ಮೇಡಂ ತಡೆದರು.

"ಬಿಡ್ರಿ ಸಿಸ್ಟರ್. ಆಕಿ ಕೈಯಾಗ ಕೊಟ್ಟಮ್ಯಾಲ ಕೊಟ್ಟಂಗ ಇರಬೇಕು. ನೀವ್ ದೂಡ್ರಿ ಬಡಿಗೇರ್ರ."

ದೂಡಿದೆ. ಗಾಡಿ ಸೀದಾ ಹೋಗಿ ನೀಲವ್ವನ ಮುಂದೆ ನಿಂತಿತು. ಆ ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ದಾನೂ ಕೈ ಮೇಲೆ ಚಾಚಿದಳು. ತಾಯಿ ಬಗ್ಗಿದಳು. ಮಗಳು ಅವಳ ಎರಡೂ ಕೆನ್ನೆ ಒರೆಸಿದಳು.

"ಅಳಬ್ಯಾಡವ್ವಾ. ಇಲ್ಲೇ ಕುಂದರು. ನಾ ಹೋಗಿ ಬರ್ತೀನಿ... ಎರಡ ಸಲಾನೂ ನಿನಗ ಹೇಳಾಕ ಬಿಡಲಿಲ್ಲ ಇವ್ರು."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಆಪರೇಷನ್‌ಗೆ ಹೆದರಿ ಅಳುತ್ತಾಳೆ ಎಂದುಕೊಂಡಿದ್ದೆವು... ಆ ಮಗು ಅತ್ತದ್ದು ಅವ್ವನಿಗೆ ಹೇಳದೆ ಹೋಗಬೇಕಲ್ಲ ಎಂದು. ಯಾಕೆ ಅಳುತ್ತೀ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

"ನಡಿ ಕಾಕಾ" ಎಂದಳು. ತಾನೇ ಹ್ಯಾಂಡಲ್ ಹೊರಳಿಸಿದಳು. ವೆರಾಂಡಾ ದಾಟಿ, ತಾನೇ ಥಿಯೇಟರಿನ ಬಾಗಿಲಿಗೆ ಗಾಡಿ ತಂದಳು.

ಆ ಹೊತ್ತು ಅಲ್ಲಿ ಅಳದೆ ಇದ್ದವಳು ಅವಳೊಬ್ಬಳೇ.

ಆಪರೇಷನ್ ಚೆನ್ನಾಗಿ ಆಯಿತು. ಹನ್ನೆರಡನೇ ದಿನ ಅವ್ವನ ಬೆರಳು ಹಿಡಿದು ನಡೆದೇ ಮನೆಗೆ ಹೋದಳು.

ಈಗ ನಮ್ಮ ವಾರ್ಡಿನಲ್ಲಿ ಇಂಥ ಮೂರು ಗಾಡಿಗಳಿವೆ. ಪ್ರತಿ ಸಲವೂ ಹಲಗೆ ಅಳೆಯುವ ಮೊದಲು ಮಗುವಿನ ಹತ್ತಿರ ಕೂತು ಮಾತಾಡಿ ಬರುತ್ತೇನೆ.

ಪ್ರೀತಿ ಇದ್ದರೆ ಸಾಲದು... ನಾವು ಪ್ರೀತಿಸುವವರನ್ನು ಒಂದು ಮಾತು ಕೇಳಲೂಬೇಕು.

ನಿಮ್ಮ ಮನೆಯಲ್ಲಿ, ಅವರ ಒಳ್ಳೆಯದಕ್ಕೇ ಎಂದು ನೀವು ಕೇಳದೆಯೇ ಎಳೆದುಕೊಂಡು ಹೋಗುತ್ತಿರುವುದು ಯಾರನ್ನು?