ಗಂಡನ ಹೆಸರು

ಶ್ರಾವಣದ ಒಂದು ಮುಂಜಾನೆ, ರೊಟ್ಟಿ ಬಡಿಯುವ ಹೊತ್ತಿಗೆ, ಮುದುಕರ ಆರೋಗ್ಯದ ಅಧ್ಯಯನಕ್ಕೆಂದು ಡಾಕ್ಟರು, ಮನಃಶಾಸ್ತ್ರದ ಮೇಡಂ, ಪರೀಕ್ಷೆಯ ಯಂತ್ರ ನೋಡಿಕೊಳ್ಳುವ ಒಬ್ಬ ಇಂಜಿನಿಯರು ಕಾಶವ್ವನ ಪಡಸಾಲೆಯಲ್ಲಿ ಬಂದು ಕೂತರು. ಕರೆಸಿದವನು ಅವಳ ಗಂಡ. ಅವಳ ಅಪ್ಪನ ಮನೆಗೆ ಮನೆಅಳಿಯನಾಗಿ ಬಂದವನು.

"ಇಕಿಗೆ ಪೂರಾ ಅರಳುಮರಳು ಆಗೇತ್ರಿ. ದವಾಖಾನಿಗೆ ಒಯ್ದು ಅಲ್ಲೇ ಇಟ್ಕೋರಿ," ಎಂದ.

ಮೇಡಂ ವಾರ ಕೇಳಿದರು, ಊರು ಕೇಳಿದರು. ಕಾಶವ್ವ ತಡವರಿಸದೆ ಹೇಳಿದಳು.

"ನಿಮ್ಮ ಯಜಮಾನರ ಹೆಸರೇನಮ್ಮಾ?"

ಅವಳು ತುಟಿ ಬಿಗಿದಳು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಹೇಳಿದ್ದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ಅದು ಗಂಡನಿಗೂ ಗೊತ್ತಿತ್ತು.

"ನೋಡ್ರಿ, ಕಟ್ಟಿಕೊಂಡ ಗಂಡನ ಹೆಸರೂ ನೆನಪಿಲ್ಲ!" ಎಂದು ನಕ್ಕ.

"ಹೇಳಿಬಿಡಿ ಅಮ್ಮಾ. ಇಲ್ಲಾಂದ್ರೆ ನಿಮ್ಮನ್ನ ಮರೆವಿನ ವಾರ್ಡಿಗೆ ಸೇರಿಸಬೇಕಾಗತ್ತೆ," ಎಂದರು ಡಾಕ್ಟರು.

"ಇಕಿ ಏನ್ ಹೇಳ್ತಾಳ್ರಿ? ಗಾಡಿ ತರಸ್ರಿ," ಎಂದ ಗಂಡ.

ಕಾಶವ್ವ ಗಂಡನ ಕಡೆ ತಿರುಗಿದಳು.

"ಲೇ ಚನಬಸ್ಯಾ, ಇದು ನಮ್ಮಪ್ಪನ ಮನಿ. ನಿನ್ನ ಗಂಟು ಕಟ್ಟು."

ಅದೇ ವಾರ, ಗುರುವಾರ, ಆ ಮನೆ ಬಿಟ್ಟು ಹೋದವನು ಚನಬಸಪ್ಪ.