ಕಣ್ಣಿಲ್ಲದ ಜೇಡ

ಜೇಡ ಕಚ್ಚಿದ್ದು ಅವಳ ಬಲಗೈ ಹೆಬ್ಬೆರಳಿಗೆ. ಸೂಜಿ ಚುಚ್ಚಿದಷ್ಟೇ ನೋವು. ಆದರೆ ಅದು ಯಾವ ಜೇಡವೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕಿನ್ನೂ ಹೆಸರೇ ಇರಲಿಲ್ಲ. ಹೆಸರಿಡಬೇಕಾದವಳು ಗುಹೆಯ ತಳದ ಗುಂಡಿಯಲ್ಲಿ ಮಂಡಿಯೂರಿ ನಡುಗುತ್ತಿದ್ದಳು.

"ಅಣ್ಣಾ, ಉಸಿರು ಕಟ್ತಿದೆ. ತಲೆ ಸಿಡೀತಿದೆ. ಎದೆ ಹೇಗೆ ಹೊಡ್ಕೊಳ್ತಿದೆ ನೋಡು."

"ಹೆದರಿಕೆ ಕಣೇ," ಎಂದ ಅಣ್ಣ, ಹಣೆ ಒತ್ತಿಕೊಳ್ಳುತ್ತ. "ನಿನ್ನ ಗಾಬರಿ ನೋಡಿ ನಂಗೂ ತಲೆನೋವು ಬಂತು."

ಜೇಡ ಆಗಲೇ ಸೀಸೆಯಲ್ಲಿತ್ತು. ಬಿಳಿಚಿದ ಮೈ, ಕೂದಲೆಳೆಯಂಥ ಕಾಲು, ಕಣ್ಣಿರಬೇಕಾದಲ್ಲಿ ಬರೀ ನುಣುಪು. ಹೆಣ್ಣು. ಗಂಡೂ ಸಿಗದಿದ್ದರೆ ಹೊಸ ಪ್ರಭೇದದ ವರ್ಣನೆ ಅರ್ಧಂಬರ್ಧ. ನಾಳೆ ಬೆಳಿಗ್ಗೆ ಕ್ವಾರಿಯವರು ಗುಹೆಯ ಬಾಯಿಗೆ ಮದ್ದಿಡುವವರಿದ್ದರು.

ಅಣ್ಣ ಮೂಗಿನಲ್ಲೇ ಮಾತಾಡಿ ಅವಳ ಪ್ರೊಫೆಸರರನ್ನು ಅಣಕಿಸಿದ. "'ಒಂಟಿ ಹೆಣ್ಣು ತಂದು ಹೊಸ ಪ್ರಭೇದ ಅಂತೀಯಲ್ಲಮ್ಮ...'" ನಡುವೆ ನಿಂತು ಉಸಿರೆಳೆದುಕೊಂಡ. "'...ಗಂಡೆಲ್ಲಿ?' ತಂಗಿಗೋಸ್ಕರ ಗಂಡು ಹುಡುಕೋದು ಅಣ್ಣನ ಕೆಲಸ ತಾನೆ? ನೀನು ಆಸ್ಪತ್ರೆಗೆ ಹೊರಡು. ಸಿಕ್ಕಿದ ತಕ್ಷಣ ಹತ್ತಿ ಬರ್ತೀನಿ."

ಅವಳು ಬೇಡವೆನ್ನಲಿಲ್ಲ. ಮೇಲೆ ಕಾಯುತ್ತಿದ್ದ ಜೀಪಿನ ಡ್ರೈವರ್ ಹಗ್ಗ ಎಳೆದು ಅವಳನ್ನು ಹತ್ತಿಸಿಕೊಂಡ.

ಜೀಪು ಕಲ್ಲುದಾರಿಯಲ್ಲಿ ಎದ್ದು ಬಿದ್ದು ಓಡಿತು.

"ಅಕ್ಕಾ, ಕಣ್ಣು ಮುಚ್ಬೇಡಿ. ಏನಾದ್ರೂ ಮಾತಾಡ್ತಾ ಇರಿ."

ಅವಳು ಫೋನಿನ ರೆಕಾರ್ಡರ್ ಒತ್ತಿದಳು. ತಾನು ಸತ್ತರೂ ವರ್ಣನೆ ಉಳಿಯಬೇಕು. "ಮೈ ಬಣ್ಣ ತೆಳು ಹಳದಿ. ಮೊದಲ ಜೋಡಿ ಕಾಲು ಎಲ್ಲಕ್ಕಿಂತ ಉದ್ದ..."

"ಉಯಿಲು ಬರೆಸ್ತಿದೀರೇನೋ ಅನ್ಕೊಂಡೆ," ಎಂದ ಡ್ರೈವರ್. "ನೋಡಿದ್ರೆ ಜೇಡದ ಜಾತಕ."

ಅರ್ಧ ದಾರಿಗೆ ಉಸಿರಾಟ ಸಲೀಸಾಯಿತು. ತಲೆನೋವು ಇಳಿಯಿತು. ಅವಳ ಭಯ ಇನ್ನೂ ಹೆಚ್ಚಾಯಿತು. ವಿಷ ನರಕ್ಕೇರಿದರೆ ನೋವೇ ತಿಳಿಯುವುದಿಲ್ಲವೆಂದು ಎಲ್ಲೋ ಓದಿದ್ದಳು.

ಆಸ್ಪತ್ರೆಯಲ್ಲಿ, ಗುಹೆಯ ಗುಂಡಿಯೊಳಗೆ ತನಗಾದದ್ದನ್ನು ಅವಳು ಹೇಳುತ್ತಿದ್ದಂತೆ ಡಾಕ್ಟರು ನಾಡಿ ಹಿಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೆಬ್ಬೆರಳ ಕೆಂಪು ಚುಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಯಾವ ಜೇಡ ಕಚ್ಚಿದ್ದು?"

"ಅದನ್ನ ನಾನೇ ಹೇಳ್ಬೇಕು ಸರ್. ನಿಮ್ಮ ಮೈಕ್ರೋಸ್ಕೋಪ್ ಸ್ವಲ್ಪ ಕೊಡ್ತೀರಾ?"

ರಕ್ತದ ಸ್ಲೈಡುಗಳನ್ನು ಬದಿಗೆ ಸರಿಸಿ ಅವಳು ಜೇಡವನ್ನಿಟ್ಟಳು. ಹಿಂಗಾಲಿನ ಮೇಲೆ ಬಾಚಣಿಗೆಯ ಹಲ್ಲಿನಂಥ ರೋಮಗಳ ಸಾಲು. ಗುಹೆಯ ಮಂಕು ಬೆಳಕಿನಲ್ಲಿ ಅದು ಕಂಡಿರಲಿಲ್ಲ. ಉಸಿರು ಬಿಗಿಹಿಡಿದು ತಲೆಯ ಭಾಗಕ್ಕೆ ಬಂದಳು. ಪಾರದರ್ಶಕ ಚರ್ಮದಡಿ ವಿಷದ ಗ್ರಂಥಿ ಇರಬೇಕಾದ ಜಾಗ ಖಾಲಿ. ಆ ರೋಮಗಳ ಸಾಲಿನ ಗುರುತೂ ಸೇರಿ ಈಗ ಖಚಿತವಾಯಿತು: ಅದು ಸೇರಿದ್ದ ಜೇಡಗಳ ಇಡೀ ಕುಟುಂಬಕ್ಕೇ ವಿಷವಿಲ್ಲ.

ಅವಳು ನಕ್ಕಳು, ನಗುತ್ತಲೇ ಅತ್ತಳು. "ಇದ್ರಲ್ಲಿ ವಿಷಾನೇ ಇಲ್ಲ ಸರ್. ಸುಮ್ನೆ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ."

ಡಾಕ್ಟರು ನಗಲಿಲ್ಲ. "ಉಸಿರು ಕಟ್ಟಿದ್ದು, ತಲೆನೋವು, ಎದೆಬಡಿತ, ಇದೆಲ್ಲ ಮೇಲೆ ಬಂದ್ಮೇಲೆ ಹೋಯ್ತಾ?"

"ಹೂಂ."

"ಹಾಗಾದ್ರೆ ಅದು ಕಚ್ಚಿದ್ದರಿಂದ ಅಲ್ಲ. ಆಳದ ಗುಂಡೀಲಿ ಕೆಟ್ಟ ಗಾಳಿ ನಿಂತಿದ್ರೆ ಹಾಗಾಗುತ್ತೆ. ಸ್ವಲ್ಪ ಹೊತ್ತು ಹೆಚ್ಚಿದ್ದಿದ್ರೂ ನೀವು ಎದ್ದು ಬರ್ತಿರ್ಲಿಲ್ಲ. ಆ ಜೇಡ ನಿಮ್ಮನ್ನ ಉಳಿಸ್ತು ಅನ್ನಿ. ಈಗ ಒಳಗೆ ಯಾರೂ ಇಲ್ಲ ತಾನೆ?"

ಅವಳು ಗೋಡೆಯ ಗಡಿಯಾರ ನೋಡಿದಳು. ಅಣ್ಣ ಒಳಗೇ ಉಳಿದು ಒಂದೂವರೆ ಗಂಟೆಯಾಗಿತ್ತು.