ಕೆಂಪು ಹಕ್ಕಿಯ ಚೀಲ

ಖದೀಜಮ್ಮ ಕಪಾಟಿನಿಂದ ಆ ಕಾಗದದ ಚೀಲ ತೆಗೆದದ್ದೇ, ರಜೆಗೆ ಬಂದಿದ್ದ ಮಗ ಬೀರಾನ ಚಹಾದ ಲೋಟ ಕೆಳಗಿಟ್ಟ. ಚೀಲದ ಮೇಲಿನ ವಿಮಾನ ಕಂಪನಿಯ ಕೆಂಪು ಹಕ್ಕಿ ಇನ್ನೂ ಮಾಸಿರಲಿಲ್ಲ. ಎಪ್ಪತ್ತೈದರಲ್ಲಿ ದುಬೈಗೆ ಹೋದ ಹೊಸತರಲ್ಲಿ ಅವನು ಲಕೋಟೆ ಸಿಗದೆ, ವಿಮಾನದಲ್ಲಿ ವಾಂತಿಗೆಂದು ಇಟ್ಟಿದ್ದ ಚೀಲದಲ್ಲೇ ಮೊದಲ ಪತ್ರ ಹಾಕಿ, ಊರಿಗೆ, ಉಚ್ಚಿಲಕ್ಕೆ, ಹೊರಟಿದ್ದ ಗೆಳೆಯ ಪುತ್ತುಬ್ಬನ ಕೈಯಲ್ಲಿ ಕಳಿಸಿದ್ದ. ನಾಲ್ಕು ವರ್ಷಗಳ ಪತ್ರಗಳೆಲ್ಲ ಈಗ ಅದರಲ್ಲೇ ಇದ್ದವು.

“ಎಷ್ಟು ಚಂದ ಉಂಟು! ವಿಮಾನದಲ್ಲಿ ಇದನ್ನು ಎಂತಕ್ಕೆ ಕೊಡುವುದು ಮಗಾ?”

“ಪತ್ರ ಇಡಲಿಕ್ಕೆ, ಉಮ್ಮಾ.”

ತಾಯಿ ಪತ್ರಗಳನ್ನು ಒಂದೊಂದಾಗಿ ಹೊರತೆಗೆದು, ಬರಿದಾದ ಚೀಲವನ್ನು ಅವನ ಮುಂದಿಟ್ಟಳು.

“ವಾಂತಿ ಮಾಡಲಿಕ್ಕೆ ಅಂತ ಪುತ್ತುಬ್ಬ ಅವತ್ತೇ ಹೇಳಿದ್ದ. ನನಗೆ ಬೇಸರ ಆಗಬಾರದು ಅಂತ ನೀನು ಸುಳ್ಳು ಹೇಳಿದ್ದು, ಅಲ್ವಾ? ಹಾಗಾದರೆ ಈ ಪತ್ರಗಳಲ್ಲೆಲ್ಲ ‘ಸುಖವಾಗಿದ್ದೇನೆ’ ಅಂತ ಬರೆದದ್ದು?”